ಆರು ದಿನ ಆಡು, ಏಳನೇ ದಿನ ಏಳು: ಮೈನ್‌ಕ್ರಾಫ್ಟ್ ಬಗ್ಗೆ ಒಬ್ಬ ಹೋಮ್‌ಸ್ಕೂಲ್ ಹುಡುಗನ ವಿಮರ್ಶೆ

ಮೊದಲು ತೀರ್ಪು, ಆಮೇಲೆ ಕಾರಣ. ಮೈನ್‌ಕ್ರಾಫ್ಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕಂಪ್ಯೂಟರ್ ಆಟ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಆಡಬಹುದು, ಕಲಿಯುವುದೂ ಬೇಕಾದಷ್ಟಿದೆ. ಆದರೆ ಇಡೀ ಆಟದಲ್ಲಿ ‘ಸಾಕು, ಏಳು’ ಎನ್ನುವವರು ಯಾರೂ ಇಲ್ಲ. ಆ ಮಾತನ್ನು ಮನೆಯವರೇ ಹೇಳಬೇಕು. ನಮ್ಮ ಮನೆಯಲ್ಲಿ ಅದು ಬೈಬಲ್ಲಿನಿಂದ ಬಂತು.

ನನಗೀಗ ಹದಿನೇಳು. ಪುಣೆಯ ಪಿಂಪಳೆ ಸೌದಾಗರದಲ್ಲಿ ಮನೆ, ಮೂಲ ಬೆಟಗೇರಿ. ಬಾಸೆಲ್ ಮಿಶನ್ ಕಾಲದಿಂದಲೂ ಕ್ರೈಸ್ತರು. 2020ರ ಲಾಕ್‌ಡೌನಿನಲ್ಲಿ ಶಾಲೆಯೆಲ್ಲ ಮೊಬೈಲ್ ಪರದೆಯೊಳಗೆ ಸೇರಿಕೊಂಡಾಗ, ಮೊದಲು ಟೀಚರ್ ಆಗಿದ್ದ ಅಮ್ಮ ‘ಇದಕ್ಕಿಂತ ನಾನ ಛಲೋ ಕಲಸ್ತೀನಿ’ ಎಂದಳು. ಶಾಲೆ ಮತ್ತೆ ತೆರೆದರೂ ನಾನು, ತಮ್ಮ ವಾಪಸ್ ಹೋಗಲಿಲ್ಲ. ಹತ್ತನೆಯದನ್ನು ಎನ್‌ಐಓಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಪಾಸು ಮಾಡಿದೆ. ಈಗ ಹನ್ನೆರಡನೆಯದರ ತಯಾರಿ. ಅಜ್ಜಿಗೆ ಮಾತ್ರ ಇದು ಇನ್ನೂ ಜೀರ್ಣವಾಗಿಲ್ಲ. ‘ಮಿಶನ್ ಸಾಲಿ ಬಂತಂತ ನಮ್ಮ ಮನಿತನಾ ನಾಕಕ್ಷರ ಕಲೀತು, ನೀವು ಮಕ್ಕಳ ಸಾಲೀನ ಬಿಡಿಸೀರಿ’ ಎಂದು ಫೋನ್ ಮಾಡಿದಾಗಲೆಲ್ಲ ಅಪ್ಪನಿಗೆ ಬೈಯುತ್ತಾಳೆ. ಬಿಲ್ಡಿಂಗಿನ ಮರಾಠಿ ಕಾಕುಗಳ, ಅಂದರೆ ಚಿಕ್ಕಮ್ಮಂದಿರ, ಪ್ರಶ್ನೆ ಬೇರೆ: ‘ಶಾಳೇತ ಜಾತ ನಾಹೀಸ, ಮಗ ದಿವಸಭರ ಗೇಮ ಖೇಳತೋಸ ಕಾ?’ ಶಾಲೆಗೆ ಹೋಗುವುದಿಲ್ಲ, ಹಾಗಾದರೆ ದಿನವಿಡೀ ಗೇಮ್ ಆಡುತ್ತೀಯಾ ಅಂತ. ದಿನವಿಡೀ ಅಲ್ಲ ಕಾಕು. ಎಷ್ಟು ಹೊತ್ತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸ್ವೀಡನ್ನಿನ ಮೊಜಾಂಗ್ ಕಂಪನಿ ಇದರ ಪೂರ್ಣ ಆವೃತ್ತಿ ಹೊರತಂದದ್ದು 2011ರಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಇಡೀ ಕಂಪನಿಯನ್ನೇ 250 ಕೋಟಿ ಡಾಲರಿಗೆ ಕೊಂಡಿತು. 2023ರ ಹೊತ್ತಿಗೆ 30 ಕೋಟಿ ಪ್ರತಿಗಳ ಮಾರಾಟ ದಾಟಿತ್ತು. ಮಣ್ಣು, ಕಲ್ಲು, ಮರ, ನೀರು ಎಲ್ಲವೂ ಒಂದೊಂದು ಮೀಟರಿನ ಚೌಕದ ಗಟ್ಟಿಗಳು. ಅಗೆಯಬೇಕು, ಕಟ್ಟಬೇಕು. ಏನು ಕಟ್ಟಬೇಕು ಎಂದು ಯಾರೂ ಹೇಳುವುದಿಲ್ಲ.

ಕಲಿಕೆಯ ವಿಷಯದಲ್ಲಿ ನನ್ನ ಮೆಚ್ಚುಗೆಯೆಲ್ಲ ರೆಡ್‌ಸ್ಟೋನಿಗೆ. ನೆಲದ ಮೇಲೆ ತಂತಿಯ ಹಾಗೆ ಹರಡುವ ಕೆಂಪು ಪುಡಿ ಅದು. ಸಂಕೇತ ಹೊರಟಾಗ ಅದರ ಬಲ 15, ಪ್ರತಿ ಗಟ್ಟಿಗೆ ಒಂದೊಂದು ಕಡಿಮೆಯಾಗುತ್ತಾ ಹೋಗಿ ಸತ್ತುಹೋಗುತ್ತದೆ. ನಡುವೆ ರಿಪೀಟರ್ ಇಟ್ಟರೆ ಮತ್ತೆ 15. ರೆಡ್‌ಸ್ಟೋನ್ ಪಂಜು ಇದಕ್ಕೆ ತದ್ವಿರುದ್ಧ, ಸಂಕೇತ ಬಂದರೆ ಆರುತ್ತದೆ, ಬರದಿದ್ದರೆ ಉರಿಯುತ್ತದೆ. ಅದೇ ನಾಟ್ ಗೇಟ್, ಅಂದರೆ ಬಂದ ಸಂಕೇತವನ್ನು ತಿರುಗುಮುರುಗು ಮಾಡುವ ಸರ್ಕ್ಯೂಟ್. ಎರಡು ತಂತಿಗಳನ್ನು ಒಂದೇ ಪಂಜಿಗೆ ತಂದರೆ ನಾರ್ ಗೇಟ್, ಎರಡರಲ್ಲೂ ಸಂಕೇತ ಇಲ್ಲದಿದ್ದರೆ ಮಾತ್ರ ಪಂಜು ಉರಿಯುತ್ತದೆ; ನಾರ್ ಒಂದಿದ್ದರೆ ಉಳಿದ ಎಲ್ಲ ಗೇಟುಗಳನ್ನೂ ಕಟ್ಟಬಹುದು. ಭೌತಶಾಸ್ತ್ರದ ಅರೆವಾಹಕಗಳ ಪಾಠದಲ್ಲಿ ಲಾಜಿಕ್ ಗೇಟ್ ಬಂದಾಗ ಅಮ್ಮ ಪುಸ್ತಕ ಹಿಡಿದು ತಡವರಿಸುತ್ತಿದ್ದಳು, ನಾನು ಆಟ ತೆರೆದು ಅವಳಿಗೇ ಪಾಠ ಮಾಡಿದೆ. ಋಣಸಂಖ್ಯೆ, ಮೂರು ಅಕ್ಷಗಳ ನಿರ್ದೇಶಾಂಕಗಳಂತೂ ಮನೆಗೆ ದಾರಿ ಹುಡುಕುವ ನೆಪದಲ್ಲೇ ತಲೆಗೆ ಹತ್ತಿದವು. ಒಂದು ಎಚ್ಚರಿಕೆ: ಆಟದಲ್ಲಿ ಎತ್ತರ ಅಂದರೆ ವೈ ಅಕ್ಷ, ಗಣಿತದ ಪುಸ್ತಕದಲ್ಲಿ ಹೆಚ್ಚಾಗಿ ಜ಼ಡ್. ಪರೀಕ್ಷೆಯ ಹಿಂದಿನ ದಿನ ಆಡಬೇಡಿ.

ಭೌತಶಾಸ್ತ್ರ ಕಲಿಸುತ್ತದೆ ಎಂದು ಮಾತ್ರ ಯಾರಾದರೂ ಹೇಳಿದರೆ ನಂಬಬೇಡಿ. ಮರದ ಬುಡ ಕಡಿದರೂ ತಲೆ ಗಾಳಿಯಲ್ಲೇ ನಿಂತಿರುತ್ತದೆ. ಎರಡು ಗಟ್ಟಿ ಉದ್ದ, ಎರಡು ಗಟ್ಟಿ ಅಗಲದ ಗುಂಡಿ ತೋಡಿ ಎದುರುಬದುರು ಮೂಲೆಗಳಲ್ಲಿ ಒಂದೊಂದು ಬಕೆಟ್ ನೀರು ಸುರಿದರೆ ಮುಗಿಯಿತು, ಎಷ್ಟು ನೀರು ಮೊಗೆದರೂ ಬತ್ತುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಸೊಸೈಟಿಯ ಗೇಟಿನಲ್ಲಿ ಟ್ಯಾಂಕರ್ ಕಾಯುವ ಅಪ್ಪನಿಗೆ ಇದನ್ನು ತೋರಿಸಿದೆ. ‘ಕಾರ್ಪೊರೇಶನ್ನಿನವರಿಗೆ ತೋರಸು’ ಅಂದ.

ಖಡಕಿಯಲ್ಲಿ ನಡೆಯುವ ನಮ್ಮ ಕನ್ನಡ ಆರಾಧನೆಗೆ ಬರುವ ಹಿರಿಯರಲ್ಲಿ ಕೆಲವರಿಗೆ ಈ ಆಟ ಸೈತಾನನ ಸಹವಾಸ. ನೆದರ್ ಎಂಬ ಬೆಂಕಿಯ ಲೋಕವಿದೆ, ಅಸ್ಥಿಪಂಜರಗಳಿವೆ, ಮಂತ್ರದ ಮೇಜಿದೆ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಇವೆಲ್ಲ ಇರುವುದು ನಿಜ. ಆ ಮೇಜಿನ ಮೇಲೆ ಕಾಣುವ ವಿಚಿತ್ರ ಅಕ್ಷರಗಳು ಮಾತ್ರ ಇಂಗ್ಲಿಷಿಗೇ ತೊಡಿಸಿದ ವೇಷ, ಹಳೆಯ ಕಮಾಂಡರ್ ಕೀನ್ ಆಟದಿಂದ ಎತ್ತಿಕೊಂಡದ್ದು. ಓದಿದರೆ ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಪುಟ್ಟ ಮಕ್ಕಳಿಗೆ ಹೆದರಿಕೆಯಾದರೆ ಪೀಸ್‌ಫುಲ್ ಎಂಬ ಹಂತವಿದೆ, ಅದರಲ್ಲಿ ರಾತ್ರಿ ಹೊತ್ತು ಝೋಂಬಿಗಳ ಕಾಟವಿಲ್ಲ.

ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು ಈ ಹಿರಿಯರು ಯಾರೂ ಕಂಡಿರದ ಭಾಗ. ಕೊನೆಯ ಡ್ರ್ಯಾಗನ್ನನ್ನು ಕೊಂದ ಮೇಲೆ ಪರದೆಯ ಮೇಲೆ ಉದ್ದವಾದ ಕವಿತೆಯೊಂದು ಏರುತ್ತಾ ಹೋಗುತ್ತದೆ. ಎರಡು ದನಿಗಳು ಆಟಗಾರನ ಬಗ್ಗೆ ಮಾತಾಡಿಕೊಳ್ಳುತ್ತವೆ, ನೀನೇ ಈ ವಿಶ್ವ, ಕನಸು ಕಾಣುತ್ತಿದ್ದೀಯ ಎಂಬ ಅರ್ಥದಲ್ಲಿ. ಅಪ್ಪ ಪಕ್ಕದಲ್ಲಿ ಕೂತು ಪೂರ್ತಿ ಓದಿ, ‘ಇದು ನಮ್ಮ ಕಡೆ ಮಠದ ಕಟ್ಟಿ ಮ್ಯಾಲೆ ಕೇಳೋ ಅದ್ವೈತ ಅಲ್ಲೇನಪ್ಪಾ’ ಎಂದ. ಸೃಷ್ಟಿಸಿದವನು ಬೇರೆ, ಸೃಷ್ಟಿ ಬೇರೆ ಎಂದು ನಂಬುವವನು ನಾನು. ಆ ಕವಿತೆ ನನಗೆ ಒಪ್ಪಿಗೆಯಿಲ್ಲ, ಆದರೆ ಒಪ್ಪದೆಯೂ ಮೆಚ್ಚಬಹುದಾದಷ್ಟು ಚೆನ್ನಾಗಿದೆ. ಅಂದು ಊಟದ ಹೊತ್ತಿನವರೆಗೂ ಅಪ್ಪನೊಂದಿಗೆ ವಾದ ನಡೆಯಿತು. ಪುಟ್ಟ ಮಕ್ಕಳ ಅಪ್ಪ-ಅಮ್ಮಂದಿರು ಅಸ್ಥಿಪಂಜರಕ್ಕೆ ಹೆದರುವ ಬದಲು ಇದನ್ನು ಜೊತೆಗೆ ಕೂತು ಓದಲಿ.

ಸಂಡೇ ಸ್ಕೂಲಿನ ಸಂಗತಿಗೆ ಬರುತ್ತೇನೆ, ಈ ಆಟದಿಂದ ನನಗಾದ ದೊಡ್ಡ ಲಾಭ ಅದೇ. ಚಿಕ್ಕ ಮಕ್ಕಳ ತರಗತಿ ನನ್ನ ಪಾಲಿಗೆ ಬಂದಾಗ, ಸಭಾಪಾಲಕರ ಒಪ್ಪಿಗೆ ಕೇಳಿ ಲ್ಯಾಪ್‌ಟಾಪ್ ಒಯ್ದೆ. ಸೊಲೊಮೋನನ ದೇವಾಲಯ ಕಟ್ಟೋಣ ಅಂದೆ. ಅಳತೆ ಒಂದನೇ ಅರಸುಗಳು ಆರನೇ ಅಧ್ಯಾಯದಲ್ಲೇ ಇದೆ: 60 ಮೊಳ ಉದ್ದ, 20 ಮೊಳ ಅಗಲ, 30 ಮೊಳ ಎತ್ತರ. ಮೊಳಕ್ಕೆ ಸುಮಾರು 45 ಸೆಂಟಿಮೀಟರ್ ಹಿಡಿದರೆ 27 ಮೀಟರ್ ಉದ್ದ, 9 ಮೀಟರ್ ಅಗಲ, ಹದಿಮೂರೂವರೆ ಮೀಟರ್ ಎತ್ತರ. ಒಳಗಿನ ಮಹಾಪರಿಶುದ್ಧ ಸ್ಥಳ 20 ಮೊಳದ ಘನ, ಸರಿಯಾಗಿ 9 ಗಟ್ಟಿ. ದೇವದಾರು ಈ ಆಟದಲ್ಲಿಲ್ಲ, ಸ್ಪ್ರೂಸ್ ಹಲಗೆಯಲ್ಲೇ ಸುಧಾರಿಸಿಕೊಂಡೆವು. ಕಟ್ಟಿ ಮುಗಿದಾಗ ಮಕ್ಕಳಿಗೆ ನಿರಾಸೆ. ‘ಇಷ್ಟೇನಾ ಅಣ್ಣಾ? ನಮ್ಮ ಕ್ಲಬ್‌ಹೌಸೇ ದೊಡ್ಡದಿದೆಯಲ್ಲ!’

ಏಳನೇ ಅಧ್ಯಾಯದಲ್ಲಿ ಅರಸ ತನಗಾಗಿ ಕಟ್ಟಿಸಿಕೊಂಡ ಮನೆಗಳಲ್ಲಿ ಲೆಬನೋನಿನ ತೋಪಿನ ಮಂದಿರವೂ ಒಂದು: 100 ಮೊಳ ಉದ್ದ, 50 ಮೊಳ ಅಗಲ, ಎತ್ತರ ಅದೇ 30. ದೇವಾಲಯದ ಪಕ್ಕದಲ್ಲೇ ಅದನ್ನು ನಿಲ್ಲಿಸಿದೆವು. ಒಂದು ಪುಟ್ಟ ಹುಡುಗಿ ಎರಡನ್ನೂ ನೋಡಿ, ‘ದೇವರ ಮನೆಗಿಂತ ಅರಸನ ಮನೆ ದೊಡ್ಡದು ಯಾಕೆ?’ ಎಂದಳು. ದೇವಾಲಯಕ್ಕೆ ಏಳು ವರ್ಷ, ತನ್ನ ಅರಮನೆಗೆ ಹದಿಮೂರು ವರ್ಷ ಎಂದೂ ಅಲ್ಲೇ ಬರೆದಿದೆ. ಆ ಅಧ್ಯಾಯಗಳನ್ನು ನಾನು ಬೇಕಾದಷ್ಟು ಸಲ ಓದಿದ್ದೆ. ಅಂಕಿಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದೆ, ಎಲ್ಲರೂ ಹಾಗೆಯೇ. ಕೈಯಾರೆ ಗಟ್ಟಿ ಜೋಡಿಸಿದವರಿಗೆ ಮಾತ್ರ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಅಷ್ಟು ಜಾಣ ಅರಸ ಕಡೆಗೆ ದಾರಿ ತಪ್ಪಿದ್ದು ಹೇಗೆ ಎಂಬುದರ ಸುಳಿವು ಆ ಅಳತೆಗಳಲ್ಲೇ ಇದೆಯೇನೋ ಎಂದು ನನಗೆ ಈಗಲೂ ಅನಿಸುತ್ತದೆ. ಸಭಾಪಾಲಕರು ಅಷ್ಟು ದೂರ ಹೋಗಲು ಒಪ್ಪಲಿಲ್ಲ.

ಪ್ರಕಟನೆ ಪುಸ್ತಕದ ಹೊಸ ಯೆರೂಸಲೇಮನ್ನೂ ಕಟ್ಟಬೇಕೆಂದು ತಮ್ಮ ಹಟ ಹಿಡಿದ. ಗ್ರೀಕ್ ಮೂಲದ ಪ್ರಕಾರ ಅದರ ಒಂದೊಂದು ಬದಿ 12,000 ಸ್ತಾದಿಯ, ಅಂದರೆ ಸುಮಾರು 2,200 ಕಿಲೋಮೀಟರ್. ಆಟದ ಲೋಕ ನಡುಬಿಂದುವಿನಿಂದ ನಾಲ್ಕೂ ದಿಕ್ಕಿಗೆ ಮೂರು ಮೂರು ಕೋಟಿ ಗಟ್ಟಿ ಹರಡಿದೆ, ಹಾಗಾಗಿ ಉದ್ದ ಅಗಲಕ್ಕೆ ಅಡ್ಡಿಯಿಲ್ಲ. ಆದರೆ ಆ ಪಟ್ಟಣದ ಎತ್ತರವೂ ಅಷ್ಟೇ, ಆಟದ ಲೋಕದ ತಳದಿಂದ ತುದಿಗೆ ಬರೀ 384 ಗಟ್ಟಿ. ಸದ್ಯಕ್ಕೆ 144 ಮೊಳದ ಗೋಡೆ ಮಾತ್ರ ಶುರುವಾಗಿದೆ.

ಈಗ ಹೊತ್ತಿನ ಪ್ರಶ್ನೆ. ಆಟದ ಒಂದು ದಿನ ಅಂದರೆ ನಮ್ಮ ಗಡಿಯಾರದ 20 ನಿಮಿಷ. ಕತ್ತಲಾಗುತ್ತದೆ, ಬೆಳಗಾಗುತ್ತದೆ, ಇನ್ನೊಂದೇ ದಿನ ಎನ್ನುತ್ತಾ ಕೂತರೆ ಮಧ್ಯಾಹ್ನ ಕಳೆದುಹೋಗಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಬಸ್ಸು, ಗಂಟೆ, ಹೋಮ್‌ವರ್ಕ್ ಯಾವುದಾದರೂ ಎಬ್ಬಿಸುತ್ತದೆ. ನಮಗೆ? ‘ಸಾಲ್ಯಾಗ ಗಂಟಿ ಹೊಡೀತಾರ. ಇಲ್ಲಿ ಯಾರ ಹೊಡೀಬೇಕು?’ ಎಂದ ಅಮ್ಮನೇ ಲೆಕ್ಕ ಹಾಕಿದಳು. ಆಟದ ಆರು ದಿನಕ್ಕೆ ಸರಿಯಾಗಿ ಎರಡು ಗಂಟೆ. ಆರು ದಿನ ದುಡಿ, ಏಳನೆಯ ದಿನ ಬಿಡು ಎಂದು ವಿಮೋಚನಕಾಂಡದಲ್ಲೇ ಆಜ್ಞೆಯಿದೆಯಲ್ಲ. ಏಳನೇ ಬೆಳಗು ಮೂಡಿತೋ, ಎದ್ದೇಳಬೇಕು. ಎಫ್3 ಒತ್ತಿದರೆ ಎಷ್ಟನೇ ದಿನ ಎಂದು ಪರದೆಯ ಮೇಲೇ ಕಾಣುವುದರಿಂದ ಸುಳ್ಳು ಹೇಳುವ ಹಾಗಿಲ್ಲ. ನಿಜವಾದ ಭಾನುವಾರ ಆಟವೇ ಇಲ್ಲ, ಸಂಡೇ ಸ್ಕೂಲಿನದೊಂದು ಬಿಟ್ಟು.

ತಮ್ಮ ಇದರಲ್ಲೂ ಸಂದು ಹುಡುಕಿದ. ಆಟದೊಳಗೆ ಹಾಸಿಗೆ ಹಾಕಿ ಮಲಗಿದರೆ ರಾತ್ರಿ ಕ್ಷಣದಲ್ಲಿ ಕಳೆದು ಬೆಳಗಾಗುತ್ತದೆ. ಅಂದರೆ ದಿನಾ ಮಲಗುವವನಿಗೆ ಆರು ದಿನ ಒಂದು ಗಂಟೆ ಚಿಲ್ಲರೆಗೇ ಮುಗಿದವು. ಹಾಗಾಗಿ ಅವನು ಮಲಗುವುದನ್ನೇ ಬಿಟ್ಟ. ಆದರೆ ಮೂರು ದಿನ ನಿದ್ದೆಗೆಟ್ಟವರ ಮೇಲೆ ಫ್ಯಾಂಟಮ್ ಎಂಬ ಹಾರುವ ಪಿಶಾಚಿಗಳು ರಾತ್ರಿ ಆಕಾಶದಿಂದ ಎರಗುತ್ತವೆ, 2018ರಿಂದ ಆಟದಲ್ಲಿ ಈ ನಿಯಮವಿದೆ. ಅವನ ಕಿರುಚಾಟ ಕೇಳಿ ವಿಷಯ ತಿಳಿದ ಅಮ್ಮನಿಗೆ ಎಲ್ಲಿಲ್ಲದ ಖುಷಿ. ‘ನೋಡು, ಆಟ ಮಾಡಿದವರಿಗೂ ಗೊತ್ತೈತಿ, ಮನಶ್ಯಾ ಮಲಗಬೇಕಂತ!’

ಮಲಗುವುದರ ಬಗ್ಗೆಯೇ ನನ್ನದೊಂದು ತಕರಾರಿದೆ, ಅದು ನಂಬಿಕೆಯ ತಕರಾರು. ಒಬ್ಬನೇ ಆಡುವಾಗ ಈ ಲೋಕ ನಡೆಯುವುದು ನನ್ನ ಸುತ್ತಮುತ್ತ ಮಾತ್ರ. ಗೋಧಿ ಬಿತ್ತಿ ದೂರ ಹೋದರೆ ಅದು ಬೆಳೆಯುವುದಿಲ್ಲ. ಹಾಸಿಗೆಯಲ್ಲಿ ಮಲಗಿ ಕಳೆದ ರಾತ್ರಿಯೂ ಬೆಳೆಯ ಲೆಕ್ಕಕ್ಕಿಲ್ಲ. ನಾನು ಎಚ್ಚರವಾಗಿ ಅಲ್ಲೇ ನಿಂತಿದ್ದರಷ್ಟೇ ಬೆಳೆ. ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದ ರೈತನ ಕಥೆ ಇದರ ತಲೆಕೆಳಗು. ಅವನು ಬೀಜ ಹಾಕಿ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೇ ತಿಳಿಯದು. ಪರೀಕ್ಷೆಯ ಓದಿನಲ್ಲಿ ನಾನೂ ಮೈನ್‌ಕ್ರಾಫ್ಟ್ ರೈತನೇ: ಶಾಲೆ ಬಿಟ್ಟವನು, ನಾನೊಂದು ದಿನ ಕಣ್ಣು ಮುಚ್ಚಿದರೆ ಎಲ್ಲ ನಿಂತುಹೋಗುತ್ತದೆ, ಅಜ್ಜಿ ಹೇಳಿದ್ದೇ ನಿಜವಾಗುತ್ತದೆ ಎಂಬ ಭಯ. ಭಾನುವಾರ ಪುಸ್ತಕವನ್ನೂ ಮುಚ್ಚಿಡುವುದು ನನಗೆ ಲ್ಯಾಪ್‌ಟಾಪ್ ಮುಚ್ಚುವುದಕ್ಕಿಂತ ಕಷ್ಟ. ಮುಚ್ಚುತ್ತೇನೆ. ಸೋಮವಾರ ತೆರೆದಾಗ ಶನಿವಾರ ಬಿಡಿಸಲಾಗದ ಲೆಕ್ಕ ಒಮ್ಮೊಮ್ಮೆ ತಾನಾಗಿ ಬಿಡುತ್ತದೆ. ಒಮ್ಮೊಮ್ಮೆ ಇಲ್ಲ.

ಇದರಿಂದಲೇ ಕೊಳ್ಳುವವರಿಗೆ ಒಂದು ಸಲಹೆಯೂ ಹುಟ್ಟುತ್ತದೆ. ಒಬ್ಬನೇ ಆಡುವ ಲೋಕ, ಅಥವಾ ಮನೆಯ ವೈಫೈನಲ್ಲಿ ಅಣ್ಣ-ತಮ್ಮ ಸೇರಿ ಆಡುವ ಲೋಕ, ನೀವು ಎದ್ದರೆ ತಾನೂ ನಿಲ್ಲುತ್ತದೆ. ಏನೂ ನಷ್ಟವಿಲ್ಲ. ಇಂಟರ್ನೆಟ್ಟಿನಲ್ಲಿ ಹಲವರು ಸೇರಿ ಆಡುವ ಸರ್ವರುಗಳ ಲೋಕ ನೀವಿಲ್ಲದೆಯೂ ನಡೆಯುತ್ತಿರುತ್ತದೆ, ಗೆಳೆಯರು ಮುಂದೆ ಹೋಗಿರುತ್ತಾರೆ, ಎದ್ದೇಳುವುದು ಅಲ್ಲೇ ಕಷ್ಟ. ತಮ್ಮ ಸೇರಿಕೊಂಡಿದ್ದ ಒಂದು ಸಾರ್ವಜನಿಕ ಸರ್ವರಿನಲ್ಲಿ ದುಡ್ಡು ಕೊಟ್ಟು ಕೀಲಿ ಕೊಂಡು ಪೆಟ್ಟಿಗೆ ತೆರೆಯಬೇಕಿತ್ತು. ಒಳಗೆ ಏನು ಬರುತ್ತದೋ ಅದೃಷ್ಟ. ಅಪ್ಪ ನೋಡಿ ‘ಇದು ಆಟ ಅಲ್ಲ, ಓಸಿ ಜೂಜು’ ಎಂದು ಅಂದೇ ಬಂದ್ ಮಾಡಿಸಿದ. ಹತ್ತು-ಹನ್ನೆರಡು ವರ್ಷದವರಿಗೆ ಸರ್ವರ್ ಬೇಡವೇ ಬೇಡ.

ಕಂಪ್ಯೂಟರಿಗೆ ಕೊಂಡರೆ ಜಾವಾ, ಬೆಡ್‌ರಾಕ್ ಎಂಬ ಎರಡೂ ಆವೃತ್ತಿಗಳು ಒಟ್ಟಿಗೆ ಸಿಗುತ್ತವೆ. ರೆಡ್‌ಸ್ಟೋನ್ ಕಲಿಯಲು ಜಾವಾ ನನ್ನ ಆಯ್ಕೆ, ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಮೊಬೈಲ್ ಇರುವ ಗೆಳೆಯರ ಜೊತೆ ಆಡಬೇಕೆಂದರೆ ಬೆಡ್‌ರಾಕ್. ಅದರ ಅಂಗಡಿಯಲ್ಲಿ ಮೈನ್‌ಕಾಯಿನ್, ಅಂದರೆ ದುಡ್ಡಿಗೆ ಸಿಗುವ ಆಟದ ನಾಣ್ಯ, ಕೊಟ್ಟು ಬಟ್ಟೆಬರೆ, ನಕ್ಷೆ ಕೊಳ್ಳಬಹುದು, ಕೊಳ್ಳದೆಯೂ ಆಟಕ್ಕೇನೂ ಕೊರತೆಯಿಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ತಮ್ಮ ಐದಕ್ಕೆ ಐದು ಕೊಡುತ್ತಾನಂತೆ, ಮೈನ್‌ಕಾಯಿನ್ ಕೊಡಿಸಿದರೆ.