ಡಬ್ಬಿ ಮೇಲೆ ‘ಸೈಲೆಂಟ್’ ಅಂತ ಇತ್ತು, ನಂಬ್ಕೊಂಡು ಪವರ್ ಸಪ್ಲೈ ತಗೊಂಡೆ, ಕೆಟ್ಟೆ

ಚಿಕ್ಕ ಕೇಸಲ್ಲಿ ಪಿಸಿ ಕಟ್ಬೇಕು ಅಂತ ಪ್ಲಾನ್ ಮಾಡ್ತಿರೋರು ಇದನ್ನೊಂದ್ಸಲ ಓದ್ಬಿಡಿ. ನಾನು ಮೂರು ತಿಂಗಳು ತಲೆ ಕೆಡಿಸ್ಕೊಂಡು, ಚೆನ್ನಾಗೇ ಇದ್ದ ಸಿಪಿಯು ಕೂಲರ್ ಬಿಚ್ಚಿ ಬೇರೆ ಹಾಕಿ, ಕೇಸ್ ಫ್ಯಾನು ಎರಡನ್ನೂ ಬದಲಾಯ್ಸಿ, ಕೊನೆಗೆ ನೋಡಿದ್ರೆ ಸದ್ದು ಮಾಡ್ತಿದ್ದಿದ್ದು ನಾನು ಒಂದು ದಿನಾನೂ ಅನುಮಾನ ಪಡದೇ ಇದ್ದ ಪವರ್ ಸಪ್ಲೈ, ಅಂದ್ರೆ ಗೋಡೆ ಪ್ಲಗ್ಗಿನ ಕರೆಂಟನ್ನ ಪಿಸಿಗೆ ತಕ್ಕಂಗೆ ಮಾಡಿ ಹಂಚೋ ಭಾಗ. ಅನುಮಾನ ಯಾಕೆ ಬರ್ಲಿಲ್ಲ ಅಂದ್ರೆ ಅದರ ಡಬ್ಬಿ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ಸೈಲೆಂಟ್ ಅಂತ ಇತ್ತು. ಅಷ್ಟೇ ಕಾರಣ, ನಗ್ಬೇಡಿ.

ನಂದು ಸುಮಾರು 11 ಲೀಟರ್ ಗಾತ್ರದ ಕೇಸು, ಮೇಜಿನ ಮೇಲೇ ಇಟ್ಕೊಳೋದು, ಕಿವಿಯಿಂದ ಒಂದು ಮೊಳ ದೂರ. 65 ವ್ಯಾಟಿನ ಪ್ರೊಸೆಸರ್, ಮಧ್ಯಮ ಗಾತ್ರದ ಗ್ರಾಫಿಕ್ಸ್ ಕಾರ್ಡು. ಪವರ್ ಸಪ್ಲೈ ಎಸ್‌ಎಫ್‌ಎಕ್ಸ್ ಸೈಜಿದು, ಅಂದ್ರೆ 125 ಮಿಲಿಮೀಟರ್ ಅಗಲ, 63.5 ಎತ್ತರ, 100 ಉದ್ದ. ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ಪಕ್ಕ ಇಟ್ರೆ ಮರಿ ತರ ಕಾಣ್ಸುತ್ತೆ. 600 ವ್ಯಾಟು, ಗೋಲ್ಡ್ ಸರ್ಟಿಫಿಕೇಟು, ಮತ್ತೆ ಮುಖ್ಯವಾಗಿ ಝೀರೋ ಫ್ಯಾನ್ ಮೋಡ್, ಲೋಡ್ (ಪಿಸಿ ಎಳ್ಕೊಳೋ ಕರೆಂಟು) ಕಮ್ಮಿ ಇದ್ದಾಗ ಫ್ಯಾನು ತಿರುಗೋದೇ ಇಲ್ಲ. ಇದಕ್ಕಿಂತ ಇನ್ನೇನು ಬೇಕು ಅನ್ಕೊಂಡೆ.

ಮೊದಲ ದಿನ ನಿಜವಾಗ್ಲೂ ನಿಶ್ಶಬ್ದ. ಬ್ರೌಸಿಂಗ್, ಟೈಪಿಂಗ್, ಏನೂ ಕೇಳ್ಸಲ್ಲ. ವಿಡಿಯೋ ಎಡಿಟಿಂಗ್‌ಗೆ ಕೂತ್ಕೊಂಡಾಗ ಶುರುವಾಯ್ತು ನೋಡಿ. ಎಲ್ಲಾ ತಣ್ಣಗಿರುತ್ತೆ, ಇದ್ದಕ್ಕಿದ್ದಂಗೆ ‘ಝೂಂಯ್’ ಅಂತ ಏನೋ ಎದ್ದು ಕೂರುತ್ತೆ, ಒಂದು ನಲವತ್ತು ಸೆಕೆಂಡ್ ಕೂಗುತ್ತೆ, ಟಕ್ಕಂತ ನಿಲ್ಲುತ್ತೆ. ನಾಲ್ಕು ನಿಮಿಷ ಬಿಟ್ಟು ಮತ್ತೆ. ಒಂದೇ ಸಮನೆ ಬರೋ ಸದ್ದಾದ್ರೆ ಕಿವಿ ಒಗ್ಗಿಕೊಳ್ಳುತ್ತೆ ಕಣ್ರೀ, ಇದು ಒಗ್ಗಲ್ಲ, ನಿಂತಾಗ ಕೂಡ ಮುಂದಿನ ಸಲ ಯಾವಾಗ ಅಂತ ಕಿವಿ ಕಾಯ್ತಾ ಇರುತ್ತೆ. ಪಕ್ಕದ ರೂಮಿಂದ ತಂಗಿ ಬಂದು ‘ಏನೋ ಅಣ್ಣ ಅದು, ಒಳಗೆ ಯಾರೋ ಗೊರಕೆ ಹೊಡೀತಿದಾರೆ’ ಅಂದ್ಲು.

ಸಿಪಿಯು ಫ್ಯಾನೇ ಇರ್ಬೇಕು ಅಂತ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ಸು) ಹೋಗಿ ಕರ್ವ್, ಅಂದ್ರೆ ಎಷ್ಟು ಬಿಸಿಗೆ ಫ್ಯಾನು ಎಷ್ಟು ಜೋರು ಅನ್ನೋ ಲೆಕ್ಕ, ಇಳಿಸಿದೆ. ಏನೂ ಆಗ್ಲಿಲ್ಲ. ಕೂಲರ್ ಬದಲಾಯಿಸಿದೆ, ಕೇಸ್ ಫ್ಯಾನು ಬದಲಾಯಿಸಿದೆ, ಏನೂ ಇಲ್ಲ. ಕೊನೆಗೊಂದು ರಾತ್ರಿ ಎ4 ಹಾಳೆ ಸುರುಳಿ ಸುತ್ತಿ ಒಂದು ತುದಿ ಕಿವಿಗಿಟ್ಕೊಂಡು ಇನ್ನೊಂದು ತುದಿ ಕೇಸಿನ ಒಂದೊಂದು ಕಡೆ ಹಿಡ್ಕೊಂಡು ಕೂತೆ, ಡಾಕ್ಟರು ಸ್ಟೆತಸ್ಕೋಪ್ ಇಟ್ಟಂಗೆ. ಸಿಪಿಯು ಕಡೆ ಮೆತ್ತಗೆ ಗಾಳಿ ಸದ್ದು, ಗ್ರಾಫಿಕ್ಸ್ ಕಾರ್ಡ್ ಕಡೆನೂ ಅಷ್ಟೇ. ಪವರ್ ಸಪ್ಲೈ ಜಾಲರಿ ಹತ್ರ ತಂದಾಗ ಕಿವಿಗೆ ಹೊಡೀತು. ಈ ಹಾಳೆ ಉಪಾಯಕ್ಕೆ ದುಡ್ಡಿಲ್ಲ ಕಾಸಿಲ್ಲ, ಏನನ್ನಾದ್ರೂ ಬಿಚ್ಚೋಕೆ ಮುಂಚೆ ಮಾಡಿ, ನಾನು ಎಲ್ಲಾ ಬಿಚ್ಚಿ ಆದ್ಮೇಲೆ ಮಾಡ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ.

ಆಮೇಲೆ ಕೂತು ಯೋಚ್ನೆ ಮಾಡಿದ್ಮೇಲೆ ಅರ್ಥ ಆಯ್ತು. ಫ್ಯಾನು ನಿಂತಿರುವಾಗ ಶಾಖ ಒಳಗೇ ಸೇರ್ತಾ ಹೋಗುತ್ತೆ. ಒಂದು ಮಿತಿ ದಾಟಿದ ತಕ್ಷಣ ಫ್ಯಾನು ಎದ್ದು ಜೋರಾಗಿ ಓಡಿ ತಣ್ಣಗೆ ಮಾಡುತ್ತೆ, ಮಾಡಿ ನಿಲ್ಲುತ್ತೆ, ಮತ್ತೆ ಶಾಖ ಸೇರುತ್ತೆ. ಶುರುವಾಗೋ ಬಿಸಿಗೂ ನಿಲ್ಲೋ ಬಿಸಿಗೂ ಮಧ್ಯೆ ಅಂತರ ಚೆನ್ನಾಗಿಟ್ಟಿದ್ರೆ ಈ ಆಟ ಇರಲ್ಲ. ನಂದ್ರಲ್ಲಿ ಎರಡೂ ಹತ್ರ ಹತ್ರ ಇದ್ವು, ಮತ್ತೆ ನಾನು ಕೆಲಸ ಮಾಡೋ ಲೋಡು ಸರಿಯಾಗಿ ಆ ಮಿತಿ ಮೇಲೇ ಕೂತಿತ್ತು. ಗೇಮ್ ಆಡ್ದಾಗ ಫ್ಯಾನು ಒಂದೇ ಸಮನೆ ಓಡೋದು, ಅದೇ ವಾಸಿ ಇತ್ತು! ಇನ್ನೊಂದು ವಿಷಯ ಏನಪ್ಪಾ ಅಂದ್ರೆ ಸಿಪಿಯು ಫ್ಯಾನು, ಕೇಸ್ ಫ್ಯಾನು ಎಲ್ಲಾ ಮದರ್‌ಬೋರ್ಡ್ ಮಾತು ಕೇಳ್ತವೆ, ಪವರ್ ಸಪ್ಲೈ ಫ್ಯಾನು ಸಾಮಾನ್ಯವಾಗಿ ಕೇಳಲ್ಲ, ಅದರ ಕರ್ವ್ ಒಳಗೇ ಫ್ಯಾಕ್ಟರಿಯಲ್ಲಿ ಬರೆದಿಟ್ಟಿರೋದು. ಬೆರಳೆಣಿಕೆ ಮಾಡೆಲ್‌ಗಳಲ್ಲಿ ಸಾಫ್ಟ್‌ವೇರ್ ಇರುತ್ತೆ, ಮಿಕ್ಕಿದ್ರಲ್ಲಿ ತಗೊಂಡ ದಿನ ಏನಿದೆಯೋ ಅದೇ ಕೊನೇವರೆಗೂ.

ಗೋಲ್ಡ್ ಅನ್ನೋದ್ರಲ್ಲೂ ಮೋಸ ಹೋದೆ, ಮೋಸ ಅಂದ್ರೆ ಅದರದ್ದೇನೂ ತಪ್ಪಿಲ್ಲ, ನಾನೇ ತಪ್ಪು ತಿಳ್ಕೊಂಡಿದ್ದು. 80 ಪ್ಲಸ್ ಬ್ರಾಂಝ್, ಗೋಲ್ಡ್, ಪ್ಲಾಟಿನಂ ಇವೆಲ್ಲಾ ಎಷ್ಟು ಕರೆಂಟ್ ಪೋಲಾಗ್ದೆ ಒಳಗೆ ಹೋಗುತ್ತೆ ಅಂತ ಹೇಳ್ತವೆ, ಸದ್ದಿನ ಬಗ್ಗೆ ಒಂದಕ್ಷರಾನೂ ಇಲ್ಲ. ಸಂಬಂಧ ಇಲ್ವೇ ಇಲ್ಲ ಅಂತಲ್ಲ. ಪಿಸಿ 200 ವ್ಯಾಟ್ ಕೇಳ್ತಿದ್ರೆ, 85% ದಕ್ಷತೆಯ ಪವರ್ ಸಪ್ಲೈ ಒಳಗೆ ಸುಮಾರು 35 ವ್ಯಾಟ್ ಶಾಖ ಆಗುತ್ತೆ, 90% ಆದ್ರೆ 22, 92% ಆದ್ರೆ 17. ಬ್ರಾಂಝಿಂದ ಗೋಲ್ಡಿಗೆ ಹೋದ್ರೆ ಉಪಯೋಗ ಇದೆ, ಅಲ್ಲಿಂದ ಪ್ಲಾಟಿನಂಗೆ ಹೋದ್ರೆ ಉಳಿಯೋದು ಐದು ವ್ಯಾಟು. ಆ ಶಾಖನ ಹೊರಗೆ ಹಾಕೋ ಫ್ಯಾನು ಎಂಥದ್ದು ಅನ್ನೋದೇ ದೊಡ್ಡ ಪ್ರಶ್ನೆ, ಅದನ್ನ ನಾನು ಕೇಳ್ಲೇ ಇಲ್ಲ. ನಂದ್ರಲ್ಲಿದ್ದಿದ್ದು 92 ಮಿಲಿಮೀಟರಿನ ತೆಳು ಫ್ಯಾನು, ದಪ್ಪ ಬರೀ 15. ಚಿಕ್ಕ ಫ್ಯಾನು ಅಷ್ಟೇ ಗಾಳಿ ತಳ್ಬೇಕಂದ್ರೆ ಜಾಸ್ತಿ ಸುತ್ತು ಓಡ್ಲೇಬೇಕು, ಓಡಿದ್ರೆ ಕೂಗ್ಲೇಬೇಕು.

ಇನ್ನು ಮೂರನೇ ತಪ್ಪು, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಪವರ್ ಸಪ್ಲೈನ ನಾನು ಫ್ಯಾನು ಒಳಮುಖ ಮಾಡಿ ಕೂರಿಸಿದ್ದೆ, ಗ್ರಾಫಿಕ್ಸ್ ಕಾರ್ಡಿನ ಬೆನ್ನಿಗೆ ಎದುರಾಗಿ. ಕಾರ್ಡ್ ಬಿಟ್ಟ ಬಿಸಿ ಗಾಳಿನೇ ಇದು ಎಳ್ಕೊಳ್ತಿತ್ತು. ಪಾಪ ಅದೇನು ಮಾಡುತ್ತೆ. ಬ್ರಾಕೆಟ್ ಬಿಚ್ಚಿ ತಿರುಗಿಸಿ ಫ್ಯಾನು ಹೊರಮುಖ ಮಾಡ್ದೆ, ಫೋನಲ್ಲಿ ಟೈಮ್ ನೋಡ್ದೆ, ನಾಲ್ಕು ನಿಮಿಷಕ್ಕೊಂದ್ಸಲ ಬರ್ತಿದ್ದಿದ್ದು ಒಂಬತ್ತು ನಿಮಿಷಕ್ಕೆ ಹೋಯ್ತು. ಖುಷಿ ಆಯ್ತು, ಆದ್ರೆ ಹೊಸ ರಾಗ ಶುರು. ಫ್ಯಾನಿಗೂ ಪಕ್ಕದ ಪ್ಯಾನೆಲ್ ಜಾಲರಿಗೂ ಮಧ್ಯೆ ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ ಜಾಗ, ಅದರ ಮೇಲೊಂದು ಧೂಳಿನ ಫಿಲ್ಟರ್, ಗಾಳಿ ನುಗ್ಗುವಾಗ ಸಣ್ಣಗೆ ಸಿಳ್ಳೆ ಹೊಡ್ದಂಗೆ. ಪ್ಯಾನೆಲ್ ಬಿಚ್ಚಿಟ್ರೆ ಸಿಳ್ಳೆ ಇಲ್ಲ, ಹಾಕಿದ್ರೆ ಇದೆ.

ವಾಪಸ್ ಕೊಡೋಣ ಅಂತ ಮಾರಿದೋರ್ಗೆ ಹೇಳಿದ್ರೆ, ಫ್ಯಾನು ತಿರುಗ್ತಿದೆ ಅಂದ್ಮೇಲೆ ಅದು ಡಿಫೆಕ್ಟ್ ಅಲ್ಲ ಸಾರ್, ಕೆಲಸ ಮಾಡ್ತಿದೆ ಅಂತ ಅರ್ಥ ಅಂದ್ರು. ಅದು ನಿಜಾನೇ, ಅದಕ್ಕೇ ಜಾಸ್ತಿ ಸಿಟ್ಟು ಬಂತು. ತಗೊಳೋಕೆ ಮುಂಚೆ ಸದ್ದು ಕಾರಣ ಕೊಟ್ಟು ವಾಪಸ್ ಮಾಡ್ಬಹುದಾ ಅಂತ ಬಾಯಿಬಿಟ್ಟು ಕೇಳ್ಕೊಳ್ಳಿ. ಆ ಸಿಟ್ಟಲ್ಲಿ ನಾನೇ ಬಿಚ್ಚಿ ಒಳ್ಳೆ ಫ್ಯಾನು ಹಾಕ್ತೀನಿ ಅಂತ ಸ್ಕ್ರೂಡ್ರೈವರ್ ತಗೊಂಡು ಕೂತಿದ್ದೆ, ವಾರಂಟಿ ಸ್ಟಿಕರ್ ಮೇಲೆ ಉಗುರೂ ಇಟ್ಟಾಗಿತ್ತು. ಎಲೆಕ್ಟ್ರಾನಿಕ್ಸ್ ಕೆಲಸ ಮಾಡೋ ಗೆಳೆಯ ಫೋನಲ್ಲಿ ಕೂಗಾಡಿ ನಿಲ್ಲಿಸಿದ. ಒಳಗಿರೋ ದೊಡ್ಡ ಕೆಪಾಸಿಟರ್ 400 ವೋಲ್ಟ್ ಆಸುಪಾಸು ತುಂಬ್ಕೊಂಡಿರುತ್ತೆ, ಪ್ಲಗ್ ಕಿತ್ತ ಮೇಲೂ ಹಾಗೇ ಉಳ್ಕೊಂಡಿರಬಹುದು. ಬಿಚ್ಚಬೇಡಿ. ಇದೊಂದ್ರಲ್ಲಿ ಆದ್ರೆ ಹೋದ್ರೆ ಅಂತಿಲ್ಲ.

ಅದೇ ಗೆಳೆಯನ ಕಥೆ ಬೇರೆ. ಅವನು ಇನ್ನೂ ಚಿಕ್ಕದು ಬೇಕು ಅಂತ ಫ್ಲೆಕ್ಸ್ ಎಟಿಎಕ್ಸ್ ತಗೊಂಡಿದ್ದ, ಅದ್ರಲ್ಲಿ 40 ಮಿಲಿಮೀಟರ್ ಫ್ಯಾನು, ಲೋಡ್ ಬಿದ್ರೆ ಹೇರ್ ಡ್ರೈಯರ್. ಸರ್ವರ್ ರೂಮಲ್ಲಿಡೋಕೆ ಪರ್ವಾಗಿಲ್ಲ, ಮಲಗೋ ರೂಮಿಗೆ ಬೇಡ. ಗ್ರಾಫಿಕ್ಸ್ ಕಾರ್ಡೇ ಇಲ್ಲದ, ನೂರು ವ್ಯಾಟೊಳಗೆ ಮುಗಿಯೋ ಪಿಸಿ ಆದ್ರೆ ಲ್ಯಾಪ್‌ಟಾಪ್ ತರ ಹೊರಗೆ ಅಡಾಪ್ಟರ್ ಇಟ್ಟು, ಒಳಗೆ ಫ್ಯಾನೇ ಇಲ್ಲದ ಚಿಕ್ಕ ಡಿಸಿ ಬೋರ್ಡ್ ಹಾಕೋದು ಬರುತ್ತಲ್ಲ, ಕಣ್ಮುಚ್ಕೊಂಡು ಅದಕ್ಕೆ ಹೋಗಿ.

ಎರಡನೇ ಸಲ ನಾನು ಡಬ್ಬಿ ಓದ್ಲಿಲ್ಲ, ಟೆಸ್ಟ್ ರಿಪೋರ್ಟ್ ಓದಿದೆ. ಸೈಬೆನೆಟಿಕ್ಸ್ ಅಂತ ಒಂದು ಲ್ಯಾಬ್ ಸದ್ದಿಗೇ ಬೇರೆ ರೇಟಿಂಗ್ ಕೊಡುತ್ತೆ, ಎ ಪ್ಲಸ್ ಪ್ಲಸ್ ಅಂದ್ರೆ ಸರಾಸರಿ 15 ಡೆಸಿಬೆಲ್‌ಗಿಂತ ಕಮ್ಮಿ, ಎ ಪ್ಲಸ್ ಅಂದ್ರೆ 15ರಿಂದ 20, ಬರೀ ಎ ಅಂದ್ರೆ 20ರಿಂದ 25. ಹತ್ತು ಡೆಸಿಬೆಲ್ ಏರಿದ್ರೆ ಕಿವಿಗೆ ಹೆಚ್ಚುಕಮ್ಮಿ ಎರಡರಷ್ಟು ಜೋರು ಅನ್ಸುತ್ತೆ, ಅದಕ್ಕೇ ಈ ನಂಬರ್‌ಗಳನ್ನ ಹಗುರವಾಗಿ ತಗೋಬೇಡಿ. ಆದ್ರೂ ಒಂದು ಸರಾಸರಿ ನಂಬರಿಂದ ಫ್ಯಾನು ಎದ್ದು ಕೂತು ಮಾಡೋ ಆಟ ಗೊತ್ತಾಗಲ್ಲ, ಯಾವ ಲೋಡಲ್ಲಿ ಎಷ್ಟು ಸುತ್ತು ಅನ್ನೋ ಗ್ರಾಫ್ ಹುಡುಕಿ, ನಿಮ್ಮ ಪಿಸಿ ಹೆಚ್ಚು ಹೊತ್ತು ಇರೋ ಲೋಡ್ ಆ ಗೆರೆ ಮೇಲೆ ಎಲ್ಲಿ ಬೀಳುತ್ತೆ ನೋಡಿ. ಝೀರೋ ಫ್ಯಾನ್ ಮೋಡ್ ಆಫ್ ಮಾಡೋ ಸ್ವಿಚ್ ಇದ್ರೆ ಇನ್ನೂ ಒಳ್ಳೇದು, ಮೆತ್ತಗೆ ಸದಾ ತಿರುಗೋ ಫ್ಯಾನಿಗೆ ನನ್ನ ಓಟು.

ಹಾಗೆ ನೋಡಿ ತಗೊಂಡಿದ್ದು ಎಸ್‌ಎಫ್‌ಎಕ್ಸ್ ಎಲ್, ಅಂದ್ರೆ ಎಸ್‌ಎಫ್‌ಎಕ್ಸ್‌ಗಿಂತ ಸ್ವಲ್ಪ ಉದ್ದದ ಸೈಜು, 120 ಮಿಲಿಮೀಟರ್ ಫ್ಯಾನು, ಉದ್ದ 130. ಕೇಸಿನ ಪುಸ್ತಕದಲ್ಲಿ 130 ಹಿಡಿಯುತ್ತೆ ಅಂತಿತ್ತು. ಹಿಡೀತು, ಆದ್ರೆ ಕೇಬಲ್ ಬಾಗೋಕೆ ಜಾಗ ಯಾರು ಲೆಕ್ಕ ಹಾಕಿದ್ರು? ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲು ಕನೆಕ್ಟರಿಂದ ಹೊರಟ ತಕ್ಷಣ ಎಲ್ ಆಕಾರಕ್ಕೆ ಬಾಗ್ಬೇಕು, ಅದು ಕಬ್ಬಿಣದ ಸಲಾಕೆ ತರ ಬಿಗಿ. ಹೆಬ್ಬೆರಳು ಕೆಂಪಾಗೋವರೆಗೂ ಒತ್ತಿ, ಒಂದು ಡ್ರೈವ್ ಟ್ರೇ ಕಿತ್ತಾಕಿ, ಹಂಗೂ ಹಿಂಗೂ ಕೂರಿಸಿದೆ. ಪವರ್ ಸಪ್ಲೈ ಉದ್ದಕ್ಕಿಂತ ಕೇಸಲ್ಲಿ ಮೂರ್ನಾಲ್ಕು ಸೆಂಟಿಮೀಟರ್ ಜಾಸ್ತಿ ಜಾಗ ಇದೆಯಾ ಅಂತ ಅಳೆದೇ ತಗೊಳ್ಳಿ.

ಈಗ ಎಡಿಟಿಂಗ್ ಮಾಡುವಾಗ ಪವರ್ ಸಪ್ಲೈ ಸುದ್ದಿನೇ ಇಲ್ಲ. ಅದು ಸುಮ್ಮನಾದ್ಮೇಲೆ ಗ್ರಾಫಿಕ್ಸ್ ಕಾರ್ಡಿನ ಕಾಯಿಲ್ (ತಂತಿ ಸುರುಳಿ) ಕಿಚಕಿಚ ಕೇಳ್ಸೋಕೆ ಶುರುವಾಯ್ತು, ಗೇಮಿನ ಮೆನುವಲ್ಲಿ ಸೆಕೆಂಡಿಗೆ ಫ್ರೇಮು (ಚಿತ್ರ) ನೂರಾರು ಓಡ್ತಿದ್ವು, 60ಕ್ಕೆ ಕಟ್ಟಿ ಹಾಕಿದ್ಮೇಲೆ ಅದೂ ಮೆತ್ತಗಾಯ್ತು.

ಹಾಂ, ಮರೆಯೋಕೆ ಮುಂಚೆ ಇನ್ನೊಂದು. ಹಳೇ ಪವರ್ ಸಪ್ಲೈ ಕೇಬಲ್ಲುಗಳು ಆಗ್ಲೇ ಕೇಸಲ್ಲಿ ನೀಟಾಗಿ ಕಟ್ಟಿವೆ, ಅದನ್ನೇ ಹೊಸದಕ್ಕೆ ಚುಚ್ಚಿಬಿಡೋಣ ಅಂತ ಹೋಗ್ಬೇಡಿ. ಪವರ್ ಸಪ್ಲೈ ಕಡೆ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಅನ್ನೋದಕ್ಕೆ ಒಂದು ನಿಯಮ ಅಂತಿಲ್ಲ, ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಬೇರೆ ಇರಬಹುದು, ಪ್ಲಗ್ ಮಾತ್ರ ಸಲೀಸಾಗಿ ಕೂರುತ್ತೆ, ಆನ್ ಮಾಡಿದ ಕ್ಷಣಕ್ಕೆ ಹಾರ್ಡ್ ಡಿಸ್ಕ್ ಹೊಗೆ. ನಾನು ಹಳೇ ಕೇಬಲ್ಲನ್ನೆಲ್ಲಾ ಒಂದು ಕವರಿಗೆ ತುಂಬಿ ಹಳೇ ಡಬ್ಬಿಯಲ್ಲೇ ಇಟ್ಟಿದೀನಿ, ಮೇಲಿರೋ ಸೈಲೆಂಟ್ ಅನ್ನೋ ಪದದ ಮೇಲೆ ಮಾರ್ಕರಲ್ಲಿ ಗೀಟು ಹಾಕಿ.