ಫಾಂಟಾನ್ ಆದ ಮಕ್ಕಳಿರುವ ಮನೆಗೆ ಕೋಗುಚೆಕ್ ಎಕ್ಸ್‌ಎಸ್

ಹೃದಯದ ಒಂದೇ ಕುಕ್ಷಿ (ರಕ್ತ ತಳ್ಳುವ ಕೆಳಕೋಣೆ) ಸರಿಯಾಗಿ ಬೆಳೆದು ಹುಟ್ಟಿದ ಮಕ್ಕಳಿಗೆ ಹಂತ ಹಂತವಾಗಿ ನಡೆಸುವ ಶಸ್ತ್ರಚಿಕಿತ್ಸೆಗಳಲ್ಲಿ ಕೊನೆಯದು ಫಾಂಟಾನ್. ಫ್ರಾನ್ಸಿನ ವೈದ್ಯ ಫ್ರಾನ್ಸಿಸ್ ಫಾಂಟಾನ್ 1971ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ದೇಹದಿಂದ ಮರಳುವ ಮಲಿನ ರಕ್ತವು ಹೃದಯ ತಳ್ಳದೆಯೇ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಹರಿವು ನಿಧಾನವಾಗಿರುವುದರಿಂದ ರಕ್ತ ಹೆಪ್ಪುಗಟ್ಟುವ ಭಯ ಉಳಿದೇ ಇರುತ್ತದೆ. ಕೆಲವರಿಗೆ ಆಸ್ಪಿರಿನ್ ಸಾಕಾದರೆ, ಕೆಲವರಿಗೆ ವಾರ್ಫರಿನ್ ಅಥವಾ ಅಸಿಟ್ರೋಂ ಮಾತ್ರೆ ಬೇಕಾಗುತ್ತದೆ. ಅಂಥ ಮಾತ್ರೆ ನುಂಗುವ ಮಗುವಿನ ತಾಯಿಯಾಗಿ ನಾನು ಕೋಗುಚೆಕ್ ಎಕ್ಸ್‌ಎಸ್ ಬಗ್ಗೆ ಬರೆಯುತ್ತಿದ್ದೇನೆ; ಇದು ಮನೆಯಲ್ಲೇ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ, ನೋಡುವ ಸಣ್ಣ ಯಂತ್ರ.

ಬೆರಳ ತುದಿಯಿಂದ ಎಂಟು ಮೈಕ್ರೋಲೀಟರಿನಷ್ಟು, ಅಂದರೆ ಒಂದು ಸಣ್ಣ ಹನಿ ರಕ್ತ ಇದಕ್ಕೆ ಸಾಕು. ಸುಮಾರು ಒಂದು ನಿಮಿಷದಲ್ಲಿ ಐಎನ್‌ಆರ್ ತೆರೆಯ ಮೇಲೆ ಬರುತ್ತದೆ. ಪದೇ ಪದೇ ಆಸ್ಪತ್ರೆ ಸೇರಿ ರಕ್ತ ತೆಗೆಯಲು ನರಗಳೇ ಸಿಗದಂತಾದ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಜ್ವರಕ್ಕೆ ಆ್ಯಂಟಿಬಯಾಟಿಕ್ ಶುರುವಾದಾಗ, ಊಟ ಸೇರದೇ ಹೋದಾಗ, ಮನೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಹೆಚ್ಚಾದಾಗ ಐಎನ್‌ಆರ್ ಏರುಪೇರಾಗುವುದರಿಂದ, ಮುಂದಿನ ತಪಾಸಣೆಯವರೆಗೆ ಕಾಯದೆ ನೋಡಿ ವೈದ್ಯರಿಗೆ ಫೋನ್ ಮಾಡಬಹುದು. (ಸೊಪ್ಪನ್ನು ಬಿಡಬೇಕಿಲ್ಲ, ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರಾಯಿತು.)

ಆದರೆ ಕೊಳ್ಳುವ ಮೊದಲು ಮಗುವಿನ ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಎಷ್ಟಿದೆ ಎಂದು ನೋಡಿಕೊಳ್ಳಿ. ಈ ಯಂತ್ರ 25ರಿಂದ 55 ಪ್ರತಿಶತದೊಳಗೆ ಮಾತ್ರ ನಂಬಲರ್ಹ. ಆಮ್ಲಜನಕ ಕಡಿಮೆಯಿದ್ದು ತುಟಿ, ಉಗುರು ನೀಲಿಗಟ್ಟುವ ಮಕ್ಕಳಲ್ಲಿ ರಕ್ತ ದಪ್ಪವಾಗಿ ಈ ಮಿತಿ ದಾಟಬಹುದು; ಆಗ ಲ್ಯಾಬೇ ಗತಿ, ಅದೂ ಹಿಮಟೋಕ್ರಿಟ್ ಹೆಚ್ಚಿದೆ ಎಂದು ಮೊದಲೇ ತಿಳಿಸಿ. ನನ್ನ ಪ್ರಕಾರ ಅಂಗಡಿಯವರು ಹೇಳದ, ಆದರೆ ಹೇಳಲೇಬೇಕಾದ ಸಂಗತಿ ಇದು. ರಕ್ತದ ಹನಿ ಹಾಕುವ, ಪ್ರತಿ ಸಲ ಹೊಸದೇ ಬೇಕಾಗುವ ಸ್ಟ್ರಿಪ್‌ಗಳನ್ನು 30 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಡಬೇಕಾದ್ದರಿಂದ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ರಿಜ್ ಬೇಕೇ ಬೇಕು. ಯಂತ್ರದ ಹಣ ಒಮ್ಮೆ ಕೊಟ್ಟರೆ ಮುಗಿಯಿತು, ಸ್ಟ್ರಿಪ್‌ನದು ಮಾತ್ರೆ ಇರುವಷ್ಟು ಕಾಲ ಮುಗಿಯದ ಖರ್ಚು.

ಮನೆಯಲ್ಲಿ ಯಂತ್ರವಿದೆಯೆಂದು ತಪಾಸಣೆ ತಪ್ಪಿಸುವವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಫಾಂಟಾನ್ ಆದವರಲ್ಲಿ ವರ್ಷಗಳುರುಳಿದಂತೆ ಯಕೃತ್ತು ಗಟ್ಟಿಯಾಗುವುದು, ಕರುಳಿನ ಮೂಲಕ ಪ್ರೋಟೀನ್ ಸೋರುವುದು, ಹೃದಯದ ಬಡಿತ ತಪ್ಪುವುದು, ಕೆಲವರಲ್ಲಿ ಹೃದಯ ಕಸಿಯವರೆಗೂ ಹೋಗುವುದು ಉಂಟು. ಇವ್ಯಾವುದರ ಸುಳಿವೂ ಐಎನ್‌ಆರ್‌ನಲ್ಲಿ ಸಿಗದು. ಲ್ಯಾಬ್ ದೂರವಿರುವ, ರಕ್ತ ತೆಗೆಯುವುದೇ ಕಷ್ಟವಾಗಿರುವ ಮಗುವಿನ ಮನೆಯವರು ಧಾರಾಳವಾಗಿ ಕೊಳ್ಳಬಹುದು. ಮೊದಲ ಕೆಲವು ಸಲ ಅದೇ ದಿನದ ಲ್ಯಾಬ್ ಫಲಿತಾಂಶದೊಂದಿಗೆ ತಾಳೆ ನೋಡಿ, ಅಂತರವನ್ನು ವೈದ್ಯರಿಗೆ ತೋರಿಸಿದ ಮೇಲೆಯೇ ಅದನ್ನು ನೆಚ್ಚಿಕೊಳ್ಳಲಿ.