ಡಬ್ಲ್ಯೂಡಿ ಎಲಿಮೆಂಟ್ಸ್ 2 ಟಿಬಿ: ಮನೆಯ ಕಡತಗಳ ಬ್ಯಾಕಪ್‌ಗೆ ಹೇಗಿದೆ?

ಅಡಿಕೆ ವ್ಯಾಪಾರದ ಲೆಕ್ಕ, ಪಹಣಿಯ ಸ್ಕ್ಯಾನ್ ಪ್ರತಿ, ತಾಳಮದ್ದಳೆಯ ಧ್ವನಿಮುದ್ರಣ, ಮದುವೆ-ಉಪನಯನಗಳ ಫೋಟೊ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿರುವ ಶಿರಸಿ ಸೀಮೆಯ ಮನೆಗಳಿಗೆ ವೆಸ್ಟರ್ನ್ ಡಿಜಿಟಲ್ (ಡಬ್ಲ್ಯೂಡಿ) ಕಂಪನಿಯ ಈ 2 ಟೆರಾಬೈಟ್ (ಟಿಬಿ) ಪೋರ್ಟಬಲ್ ಹಾರ್ಡ್‌ಡಿಸ್ಕ್ ಧಾರಾಳವಾಗಿ ಸಾಕು. ಯುಎಸ್‌ಬಿ ಕೇಬಲ್ಲಿನಿಂದಲೇ ವಿದ್ಯುತ್ ಪಡೆಯುವುದರಿಂದ ಕರೆಂಟು ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಕೆಲಸ ಮುಂದುವರಿಯುತ್ತದೆ. ವಿಂಡೋಸ್‌ನಲ್ಲಿ ಇದು 1.81 ಟಿಬಿ ಎಂದು ಕಾಣಿಸುತ್ತದೆ. ತಯಾರಕರು 1,000ದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದೇ ಅದಕ್ಕೆ ಕಾರಣವಾದ್ದರಿಂದ ಅಂಗಡಿಯವರನ್ನು ದೂರಬೇಕಿಲ್ಲ.

ದೊಡ್ಡ ವಿಡಿಯೊಗಳು ಸರಾಗವಾಗಿ ನಕಲಾಗುತ್ತವೆ. ಸಾವಿರಾರು ಚಿಕ್ಕ ಫೋಟೊಗಳ ಫೋಲ್ಡರ್ ಬಂದೊಡನೆ ಮಾತ್ರ ವೇಗ ಕುಸಿಯುತ್ತದೆ. ಒಳಗೆ ತಿರುಗುವ ತಟ್ಟೆಯಿದ್ದು, ಪ್ರತಿ ಕಡತಕ್ಕೂ ಅದರ ಓದು-ಬರಹದ ತಲೆ ಅತ್ತಿತ್ತ ಸರಿಯಬೇಕಾಗುತ್ತದೆ. ಮೊದಲ ಬ್ಯಾಕಪ್ಪನ್ನು ರಾತ್ರಿ ಹಚ್ಚಿ ಮಲಗುವುದೇ ವಾಸಿ.

ಬರೀ ಕಾಪಿ-ಪೇಸ್ಟ್ ಮಾಡುವುದಕ್ಕಿಂತ 2012ರ ವಿಂಡೋಸ್ 8ರಿಂದ ಜೊತೆಗೇ ಬರುತ್ತಿರುವ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯವನ್ನು ಇದಕ್ಕೆ ಜೋಡಿಸುವುದು ಒಳ್ಳೆಯದು. ಬದಲಾದ ಕಡತಗಳನ್ನು ಅದು ಗಂಟೆಗೊಮ್ಮೆ ನಕಲಿಸಿ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವುದರಿಂದ, ಲೆಕ್ಕದ ಹಾಳೆಯೊಂದು ತಪ್ಪಾಗಿ ಸೇವ್ ಆದರೂ ಹಿಂದಿನದು ಸಿಗುತ್ತದೆ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಜಾಗಗಳನ್ನಷ್ಟೇ ಅದು ತಾನಾಗಿ ನೋಡುತ್ತದೆ. ಡಿ ಡ್ರೈವ್‌ನಲ್ಲಿ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ಡೇಟಾ ಇಟ್ಟವರು ಆ ಫೋಲ್ಡರನ್ನು ವಿಂಡೋಸ್‌ನ ಲೈಬ್ರರಿಗೆ (ಫೋಲ್ಡರುಗಳ ಪಟ್ಟಿಗೆ) ಸೇರಿಸಲೇಬೇಕು.

ನನ್ನ ತಕರಾರು ಇರುವುದು ಪಾಸ್‌ವರ್ಡ್ ವಿಷಯದಲ್ಲಿ. ಡಿಸ್ಕ್ ಯಾರ ಕೈಗೆ ಸಿಕ್ಕರೂ ಒಳಗಿನದೆಲ್ಲ ತೆರೆದುಕೊಳ್ಳುತ್ತದೆ. ಬ್ಯಾಂಕಿನ ಕಾಗದಪತ್ರ ಇಡುವವರು ಪಾಸ್‌ವರ್ಡ್ ಸೌಲಭ್ಯವಿರುವ ಅದೇ ಕಂಪನಿಯ ಮೈ ಪಾಸ್‌ಪೋರ್ಟ್ ಮಾದರಿಯನ್ನು ನೋಡಬಹುದು. ಕೇಬಲ್ಲಿನ ತುದಿಯೂ ಎರಡು ಭಾಗದ, ಅಗಲವಾದ ಹಳೆಯ ಮೈಕ್ರೊ-ಬಿ ನಮೂನೆಯದು. ಮೊಬೈಲ್ ಚಾರ್ಜರಿನ ಟೈಪ್-ಸಿ ವೈರು ಇದಕ್ಕೆ ಹೊಂದುವುದಿಲ್ಲ.

ಮಲೆನಾಡಿನಲ್ಲಿ ಇದನ್ನು ಸದಾ ಚುಚ್ಚಿಡುವುದು ಸಲ್ಲ. ಸಿಡಿಲಿನ ಹೊಡೆತ ವೈರಿನ ಮೂಲಕ ಕಂಪ್ಯೂಟರಿಗೆ ಬಂದರೆ ಜೊತೆಗಿದ್ದ ಬ್ಯಾಕಪ್ಪೂ ಹೋಗಬಹುದು. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶ) ಕೂಡ ಸಿಕ್ಕಿಸಿಟ್ಟ ಡಿಸ್ಕನ್ನು ಬಿಡುವುದಿಲ್ಲ. ಬಿಚ್ಚಿಟ್ಟ ಅವಧಿಯ ಬದಲಾವಣೆಗಳನ್ನು ಫೈಲ್ ಹಿಸ್ಟರಿ ಕಂಪ್ಯೂಟರಿನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಂಡು, ಮತ್ತೆ ಜೋಡಿಸಿದಾಗ ಸಾಗಿಸುತ್ತದೆ. ಜಡಿಮಳೆಯ ದಿನಗಳಲ್ಲಿ ನಾವು ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ನಿಮ್ಮ ಕಡತಗಳು 1 ಟಿಬಿಯೊಳಗಿದ್ದರೆ, 2 ಟಿಬಿಯ ಒಂದರ ಬದಲು 1 ಟಿಬಿಯ ಎರಡನ್ನು ಕೊಂಡು, ಒಂದನ್ನು ಹುಬ್ಬಳ್ಳಿಯಲ್ಲೋ ಕುಮಟೆಯಲ್ಲೋ ಇರುವ ನೆಂಟರ ಮನೆಯಲ್ಲಿಡಿ.